ಕೋಲಿಗೆ ಸುತ್ತಿದ ಒಂಬತ್ತು ಗೇಣು

ರುಚಿ, ನಿನ್ನ ಪರೀಕ್ಷೆಯ ಪುಸ್ತಕದಲ್ಲಿ ಗೆರೆಯ, ಕಂಬದ ಚಿತ್ರ ನೋಡಿ ಈ ಕತೆ ನೆನಪಾಯಿತು. ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುವವರಿಗೆ ನಮ್ಮೂರ ಕಡೆ ನೀರು... ನೀರಾಳು? ಅಲ್ಲ. ಭಿಲಾಯಿಗೆ ಬಂದು ನಲವತ್ತೆಂಟು ವರ್ಷ, ಪದ ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ. ಇರಲಿ.

ಒಂದು ನಾಡಿನ ಅರಸನ ಆಳು ಡಂಗುರ ಸಾರಿದ: "ಅರಮನೆಯಲ್ಲಿ ಮೂರು ಚಿತ್ರದ ಬಟ್ಟೆ ತೂಗುಹಾಕಿದೆ. ಮೂರನ್ನೂ ಸರಿಯಾಗಿ ಓದಿದವರ ಕೈಗೆ ನಾಡಿನ ಕೆರೆಗಳೆಲ್ಲ. ತಪ್ಪಿದವರಿಗೆ ತಲೆದಂಡ. ಯಾರೂ ಓದದಿದ್ದರೆ ಬಿದರೂರಿನ ತೂಬಿಗೆ ಕಲ್ಲು."

ಬಿದರೂರು ಪಾಲು ಮೀರಿ ನೀರು ಕುಡಿಯುತ್ತದೆಂದು ಮಂತ್ರಿ ದೂರಿದ್ದ. ಆ ತೂಬು ಕಾಯುತ್ತಿದ್ದವಳು ದುಗ್ಗಿ.

"ತಲೆ ಹೋದೀತು ಕಣೇ" ಎಂದಳು ತಾಯಿ.

"ತೂಬು ಮುಚ್ಚಿದರೆ ಊರೇ ಹೋಗುತ್ತದವ್ವ" ಎಂದು ದುಗ್ಗಿ ಹೊರಟಳು.

ಮೊದಲ ಬಟ್ಟೆಯಲ್ಲಿ ಹನ್ನೆರಡು ತಿಂಗಳ ಉದ್ದಕ್ಕೂ ಏರಿಳಿಯುವ ಒಂದು ಗೆರೆ. "ಇದು ಕೆರೆಯ ನೀರಿನ ಮಟ್ಟ. ನೀರು ಹೆಚ್ಚು ರಭಸದಿಂದ ಬಂದದ್ದು ಯಾವ ತಿಂಗಳು?" ಎಂದ ಅರಸ. ಓದಲು ಬಂದಿದ್ದ ಸೆಟ್ಟಿಯ ಮಗ ಗೆರೆಯ ನೆತ್ತಿಗೆ ಬೆರಳಿಟ್ಟು "ಕಾರ್ತಿಕ" ಎಂದ. ಭಟರು ಅವನ ಕೈ ಕಟ್ಟಿದರು.

"ಭಾದ್ರಪದ, ಬುದ್ಧಿ" ಎಂದಳು ದುಗ್ಗಿ.

ಎರಡನೆಯದರಲ್ಲಿ ಅಂಕಿಯ ಸಾಲು. ದೊಡ್ಡೂರಿನ ನಾನೂರು ಮನೆಯಲ್ಲಿ ನಲವತ್ತಕ್ಕೆ ಜ್ವರ, ಸಣ್ಣೂರಿನ ಐವತ್ತರಲ್ಲಿ ಇಪ್ಪತ್ತಕ್ಕೆ. "ಔಷಧಿಯ ಗಾಡಿ ಮೊದಲು ಎಲ್ಲಿಗೆ?"

"ದೊಡ್ಡೂರಿಗೆ" ಎಂದ ದಳವಾಯಿಯ ಮಗ.

"ಸಣ್ಣೂರಿಗೆ" ಎಂದಳು ದುಗ್ಗಿ.

"ನಲವತ್ತಕ್ಕಿಂತ ಇಪ್ಪತ್ತು ದೊಡ್ಡದೇನೇ? ತೂಬಿನವಳಿಗೆ ಎಣಿಸಲೂ ಬಾರದು" ಎಂದು ನಗುತ್ತಿದ್ದವನ ಕೈಯನ್ನೂ ಭಟರು ಕಟ್ಟಿದರು.

ಮೂರನೆಯದು ಮಂತ್ರಿಯೇ ಬರೆಸಿದ ಬಟ್ಟೆ. ಗೇಣಿಗೆ ಒಂದು ದಿನದ ನೀರು. ನೆರೆಯ ಮರಳೂರಿನ ಕಂಬ ಒಂದು ಗೇಣು, ಬಿದರೂರಿನದು ಮೂರು. "ಮೂರು ಪಟ್ಟು ಕುಡಿದಿದ್ದಾರೆ. ಕುರುಡನಿಗೂ ಕಾಣುತ್ತದೆ" ಎಂದ ಮಂತ್ರಿ.

ದುಗ್ಗಿ ಬಟ್ಟೆಯ ಹತ್ತಿರ ಹೋದಳು. ಕೆರೆಯಲ್ಲಿ ಅವಳು ಅಳತೆಗಂಬದ ಮೇಲಿನ ಗುರುತನ್ನು ಹಾಗೇ ನಂಬಿದವಳಲ್ಲ. ಕೆಳಗಿನ ಗುರುತುಗಳನ್ನು ಹೂಳು ಮುಚ್ಚಿರುತ್ತದೆ. ಕಾಲಿಟ್ಟು ತಳ ಹುಡುಕಿಯೇ ಎಣಿಸುವಳು. ಈಗಲೂ ಬಗ್ಗಿ ಬಟ್ಟೆಯ ಬುಡ ಮುಟ್ಟಿದಳು. ಅಡಿಯ ಕೋಲು ದಪ್ಪಗಿತ್ತು.

"ಬುದ್ಧಿ, ಈ ಹೊಲಿಗೆ ಬಿಚ್ಚಲೇ?"

"ಅರಮನೆಯ ಬಟ್ಟೆ ಮುಟ್ಟಬೇಡ" ಎಂದ ಮಂತ್ರಿ.

"ಬಿಚ್ಚು" ಎಂದ ಅರಸ.

ಕೋಲಿಗೆ ಸುತ್ತಿದ್ದ ಬಟ್ಟೆ ಉರುಳಿ ಬಿತ್ತು. ಎರಡು ಕಂಬಕ್ಕೂ ಕೆಳಗೆ ಒಂಬತ್ತೊಂಬತ್ತು ಗೇಣು ಅಡಗಿತ್ತು.

"ಹತ್ತಕ್ಕೆ ಹನ್ನೆರಡು, ಬುದ್ಧಿ. ಮರಳೂರಿಗೆ ನೂರು ಗದ್ದೆ, ನಮಗೆ ನೂರಿಪ್ಪತ್ತು. ಪಾಲು ಮೀರಿಲ್ಲ."

"ಮೊದಲೆರಡು ಹೇಗೆ ತಿಳಿಯಿತು?" ಎಂದ ಅರಸ.

"ಕಾರ್ತಿಕದಲ್ಲಿ ಕೆರೆ ತುಂಬಿ ನಿಂತಿತ್ತು. ನಿಂತ ನೀರು ಬರುವ ನೀರಲ್ಲವಲ್ಲ. ಗೆರೆ ಕಡಿದಾಗಿ ಏರಿದ್ದು ಭಾದ್ರಪದದಲ್ಲಿ. ದೊಡ್ಡೂರಲ್ಲಿ ಹತ್ತು ಮನೆಗೆ ಒಂದರಲ್ಲಿ ಜ್ವರ, ಸಣ್ಣೂರಲ್ಲಿ ಹತ್ತಕ್ಕೆ ನಾಲ್ಕು. ಅಲ್ಲಿ ಗಂಜಿ ಕಾಯಿಸಿ ಕೊಡುವವರೂ ಕಡಿಮೆ. ಆ ಇಬ್ಬರನ್ನು ಬಿಟ್ಟುಬಿಡಿ, ಬುದ್ಧಿ. ಅವಸರಕ್ಕೆಲ್ಲ ತಲೆ ತೆಗೆದರೆ ನಾಡಲ್ಲಿ ಯಾರು ಉಳಿದಾರು?"

ಅರಸ ಇಬ್ಬರ ಕಟ್ಟು ಬಿಚ್ಚಿಸಿದ, ಮಂತ್ರಿಯ ಮುದ್ರೆಯುಂಗುರ ಕಳಚಿಸಿದ. ಅದನ್ನು ದುಗ್ಗಿಯ ಕೈಗಿಟ್ಟು, "ಇಂದಿನಿಂದ ನೀನು ನಾಡಿಗೆಲ್ಲ ನೀರುಗಂಟಿ" ಎಂದ.

ನೀರುಗಂಟಿ. ಅದೇ ಪದ. ರುಚಿ, ಮತ್ತೆ ಮರೆತೇನು, ಬರೆದುಕೋ ಮಗಾ.