ವಜ್ರದ ಮುಳ್ಳು ಕೇಳಿಸಿದ ಕೆಮ್ಮು

ಪದ್ಮರಾಜಯ್ಯನವರ ರೆಕಾರ್ಡ್ ಪ್ಲೇಯರಿಗೆ ದುಬಾರಿ ಬೆಲೆಯ ಹೊಸ ಕಾರ್ಟ್ರಿಜ್ ಬಂತು. ಅದರ ತುದಿಯಲ್ಲಿದ್ದ ವಜ್ರದ ಮುಳ್ಳು, ಡಬ್ಬಿ ಸೇರಲು ಹೊರಟಿದ್ದ ಹಳೇ ಮುಳ್ಳನ್ನು ನೋಡಿ ನಕ್ಕಿತು.

"ಇಪ್ಪತ್ತು ವರ್ಷ ದುಡಿದಿರಂತೆ. ಏನು ಕೇಳಿಸಿದಿರಿ?"

"ಪ್ಲೇಟಿನಲ್ಲಿ ಇದ್ದದ್ದನ್ನು," ಎಂದಿತು ಹಳೇ ಮುಳ್ಳು.

"ನಿಮ್ಮ ಕೈಲಿ ಆಗದೆ ಉಳಿದದ್ದನ್ನೂ ನಾನು ಕೇಳಿಸುತ್ತೇನೆ, ನೋಡಿ."

ಕೇಳಿಸಿತು ಕೂಡ. ಕಲ್ಯಾಣಿ ರಾಗದ ಕಛೇರಿಯ ಪ್ಲೇಟಿನಲ್ಲಿ, ಗಾಯಕಿ ಬಾಯಿ ತೆರೆಯುವ ಮುಂಚೆ, ಸಭೆಯಲ್ಲಿ ಯಾರೋ ಕೆಮ್ಮಿದ್ದರು. ಪದ್ಮರಾಜಯ್ಯ ಕುರ್ಚಿಯಿಂದ ಎದ್ದೇಬಿಟ್ಟರು. "ಆಹಾ! ಮೂರನೇ ಸಾಲು, ಎಡಗಡೆ!"

ಭಾನುವಾರ ಗೆಳೆಯರು ಬಂದರು. ಕಾಫಿ ಕುಡಿದು, ಕಣ್ಣು ಮುಚ್ಚಿ ಕೆಮ್ಮು ಕೇಳಿದರು. ಒಬ್ಬರು ಎರಡನೇ ಸಾಲು ಎಂದರು. ಮುಳ್ಳನ್ನು ಎತ್ತಿ ಮತ್ತೆ ಮೊದಲಿನಿಂದ ಹಾಕಿದರು. ಹೀಗೆ ಹನ್ನೊಂದು ಸಲ.

"ಸ್ವಲ್ಪ ಮುಂದೆ ಹೋಗಪ್ಪ," ಎಂದು ಪ್ಲೇಟು ಬೇಡಿಕೊಂಡಿತು. "ಹಾಡುವ ಆಯಮ್ಮ ಕಾದು ಕೂತಿದ್ದಾರೆ."

"ಸುಮ್ಮನಿರು," ಎಂದು ವಜ್ರದ ಮುಳ್ಳು ಗದರಿತು. "ಇವರೆಲ್ಲ ಬಂದಿರುವುದು ನನಗಾಗಿ."

ಹೊರಡುವಾಗ ಗೆಳೆಯರಲ್ಲೊಬ್ಬರು, "ನಮ್ಮ ಮನೆಯ ಕಾರ್ಟ್ರಿಜ್‌ನಲ್ಲಿ ಅದು ಒಣಕೆಮ್ಮೋ ಕಫದ ಕೆಮ್ಮೋ ಅಂತಲೂ ಗೊತ್ತಾಗುತ್ತೆ," ಎಂದರು.

ಪದ್ಮರಾಜಯ್ಯನವರ ಮುಖ ಸಪ್ಪಗಾಯಿತು. ಮುಂದಿನ ತಿಂಗಳು ಅಂಥ ಕಾರ್ಟ್ರಿಜ್ ಇಲ್ಲಿಗೂ ಬಂತು. ವಜ್ರದ ಮುಳ್ಳು ಡಬ್ಬಿಗೆ ಬಿತ್ತು, ಹಳೇ ಮುಳ್ಳಿನ ಪಕ್ಕಕ್ಕೇ. ಅದರತ್ತ ತಿರುಗಿ ಮೆಲ್ಲಗೆ ಕೇಳಿತು:

"ಅಣ್ಣಾ, ಆ ಕೆಮ್ಮು ಆದಮೇಲೆ ಪ್ಲೇಟಿನಲ್ಲಿ ಏನಿದೆ?"

"ಹಾಡು ಇದೆ, ತಮ್ಮಾ," ಎಂದಿತು ಹಳೇ ಮುಳ್ಳು.