ಹೆಸರಿಲ್ಲದ ಹೇನಿನ ಎಣ್ಣೆ

ನಾನೇನೂ ಕಂಡವಳಲ್ಲ. ಆದರೆ ಕಂಡವರಿಗಿಂತ ಚೆನ್ನಾಗಿ ಹೇಳಬಲ್ಲೆ.

ಹೊಸಕೆರೆಯ ಅರಸನಿಗೆ ನಂಜರಸಯ್ಯ ಅಂತ ಒಬ್ಬ ಸಂತೆ ಅಧಿಕಾರಿ. ತಲೆ ಬೆಳ್ಳಗೆ, ಮೀಸೆ ಮಾತ್ರ ಕಾಡಿಗೆಯಂತೆ ಕಪ್ಪು. ಒಂದು ದಿನ ಸಭೆಯಲ್ಲಿ ಆ ಮೀಸೆ ತಿರುವಿದ.

"ಪ್ರಭು, ಯಾರು ಏನು ಕೊಳ್ಳುತ್ತಾರೆ ಅಂತ ಮನೆಮನೆಯಲ್ಲೂ ಕೇಳಿಸಿ, ಪಟ್ಟಿ ಬರೆಸಿ ವ್ಯಾಪಾರಿಗಳಿಗೆ ಮಾರಿದ್ದೇನೆ. ಬೊಕ್ಕಸಕ್ಕೆ ಲಾಭ! ಒಬ್ಬರ ಹೆಸರೂ ಬರೆಸಿಲ್ಲ. ಹೆಸರೇ ಇಲ್ಲದ ಮೇಲೆ ಅದು ಯಾರ ಗುಟ್ಟು?"

ಅಷ್ಟರಲ್ಲಿ ಗಾಣಗೇರಿಯ ಸಿದ್ದವ್ವ ಅಳುತ್ತ ಬಂದಳು.

"ಮಗಳ ಮದುವೆ ಮುರೀತಿದೆ, ದೊರೆಯೇ! ಬೀಗರು ಬಂದ ಹೊತ್ತಿಗೇ ಬಾಗಿಲ ತುಂಬ ವ್ಯಾಪಾರಿಗಳು, 'ಹೇನಿನ ಎಣ್ಣೆ ಬೇಕೇನವ್ವಾ' ಅಂತ ಕೂಗಿದರು. ಬೀಗಿತ್ತಿ ಸೆರಗು ಒದರಿಕೊಂಡು ಎದ್ದೇ ಹೋದಳು!"

"ನಿನ್ನ ಹೆಸರು ಬರೆಸಿಲ್ಲವಲ್ಲಮ್ಮ," ಎಂದ ನಂಜರಸಯ್ಯ.

"ಗಾಣಗೇರಿ, ಮೂರು ಹೆಣ್ಣುಮಕ್ಕಳ ಮನೆ, ಹೇನಿನ ಎಣ್ಣೆ ಅಂತ ಬರೆಸಿದ್ದೀರಂತೆ. ಆ ಕೇರಿಯಲ್ಲಿ ಮೂರು ಹೆಣ್ಣು ಹೆತ್ತವಳು ನಾನೊಬ್ಬಳೇ, ಬುದ್ಧೀ!"

"ಹೆಸರಿಲ್ಲದಿದ್ದರೆ ತಪ್ಪೇನು?" ಎಂದುಬಿಟ್ಟ ಅರಸ.

ಆಸ್ಥಾನದ ಮಾತುಗಾರ ಸೂರಪ್ಪ ಎದ್ದ. "ನಾನೂ ಒಬ್ಬರನ್ನು ವಿಚಾರಿಸಿದ್ದೇನೆ, ಪ್ರಭು. ಹೆಸರಿಲ್ಲ. ಹೇಳಲೇ?"

"ಧಾರಾಳವಾಗಿ."

"ಕೆರೆದಂಡೆಯ ಕೆಂಪು ಬಾಗಿಲ ಮನೆ. ಯಜಮಾನರು ಮೀಸೆಗೆ ಕರಿ ಬಣ್ಣ ಕೊಳ್ಳುತ್ತಾರೆ. ದಿನಾ ಸಂಜೆ ಎರಡು ಮೊಳ ಮಲ್ಲಿಗೆ ಕೊಳ್ಳುತ್ತಾರೆ. ಮನೆಗೆ ಮುಟ್ಟುವುದು ಒಂದೇ ಮೊಳ."

ಹೆಂಗಸರ ಸಾಲಿನಿಂದ ನಂಜರಸಯ್ಯನ ಹೆಂಡತಿ ತಟ್ಟನೆ ಎದ್ದಳು. "ರೀ! ಇನ್ನೊಂದು ಮೊಳ ಯಾರ ಮುಡಿಗೆ?"

"ಸುಳ್ಳು! ಅದು ನಾನಲ್ಲ!" ಎಂದು ಕಿರುಚಿದ ನಂಜರಸಯ್ಯ.

"ನೀವು ಅಂತ ನಾನೆಲ್ಲಿ ಹೇಳಿದೆ, ಸ್ವಾಮಿ? ಹೆಸರೇ ಇಲ್ಲವಲ್ಲ!"

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇನ್ನೊಬ್ಬರದೂ ಇದೆ, ಪ್ರಭು," ಎಂದ ಸೂರಪ್ಪ. "ಇವರದೂ ಹೆಸರಿಲ್ಲ. ಮಲಗುವಾಗ ಕಿರೀಟ ತೆಗೆದಿಟ್ಟು..."

"ಸಾಕೋ ಮಾರಾಯ!" ಅರಸ ಎರಡೂ ಕೈಯಲ್ಲಿ ಕಿರೀಟ ಒತ್ತಿ ಹಿಡಿದ. "ಗುರುತು ಸಿಕ್ಕ ಮೇಲೆ ಹೆಸರು ಯಾಕೆ ಬೇಕು! ವ್ಯಾಪಾರಿಗಳಿಗೆ ಮಾರಿದ್ದನ್ನೆಲ್ಲ ವಾಪಸ್ ತರಿಸಿ ಒಲೆಗೆ ಹಾಕಿಸು, ನಂಜರಸಯ್ಯ. ಆಮೇಲೆ ಬೀಗರ ಮನೆಗೆ ಹೋಗಿ, 'ಹೇನು ಇದ್ದದ್ದು ನನ್ನ ತಲೆಯಲ್ಲಿ' ಅಂತ ಒಪ್ಪಿಕೊಂಡು ಬಾ. ಮದುವೆಯ ಹೂವಿನ ಖರ್ಚೂ ನಿನ್ನದೇ."

ಸೂರಪ್ಪನಿಗೆ ಅರಸನ ಕೊರಳಿನ ಹಾರ ಸಿಕ್ಕಿತು, ಸಿದ್ದವ್ವನ ಮಗಳ ಕೊರಳಿಗೆ ತಾಳಿ ಬಿತ್ತು. ಮದುವೆಗೆ ಗಾಡಿಗಟ್ಟಲೆ ಮಲ್ಲಿಗೆ ಬಂತು. ಒಂದು ಮೊಳವೂ ದಾರಿ ತಪ್ಪಲಿಲ್ಲ. ಅಳೆಯಲು ನಿಂತವಳು ನಂಜರಸಯ್ಯನ ಹೆಂಡತಿ.