ಎರಡಾದ ಡಬ್ಬಿ

ಹುಬ್ಬಳ್ಳಿಯಿಂದ ಮೈಸೂರಿಗೆ ಹೊರಟ ರೈಲು. ಶೇಂಗಾ ಉಂಡಿ ಮಾರುವ ಮುದುಕಿಯೊಬ್ಬಳು ಬುಟ್ಟಿ ಸಮೇತ ಕಿಟಕಿ ಪಕ್ಕ ಕೂತಿದ್ದಳು. ಅಷ್ಟರಲ್ಲಿ ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯ ಹೋರಾಟದ ಮುಖಂಡ ಬಾಳನಗೌಡರು ಬಂದರು.

"ಏಳಬೇ ಮುದುಕಿ, ನಾಡಿನ ಕೆಲಸಕ್ಕ ಹೊಂಟೀನಿ," ಎಂದು ಅವಳನ್ನು ಎಬ್ಬಿಸಿ ತಾವು ಕೂತರು. ಮುದುಕಿ ನೆಲದ ಮೇಲೆ ಕೂತಳು.

ರೈಲು ಹೊರಟದ್ದೇ ಭಾಷಣ ಶುರು. "ನಮ್ಮ ರೊಟ್ಟಿ ಬ್ಯಾರೆ, ಅವರ ಮುದ್ದೆ ಬ್ಯಾರೆ. ರಾಜ್ಯ ಎರಡಾಗಾಕ ಬೇಕು!"

"ಖರೇ ಐತ್ರಿ ಗೌಡ್ರ," ಎಂದಳು ಮುದುಕಿ. "ಮೊದ್ಲ ಈ ರೈಲ್ ಡಬ್ಬಿ ಎರಡು ಮಾಡಿ ತೋರಸ್ರಿ. ಎದ್ದು ನಿಂತು ಹೇಳ್ರಿ, ಎಲ್ಲಾರಿಗೂ ಕೇಳಲಿ."

ಗೌಡರು ಉಬ್ಬಿಹೋದರು. ನಡುವೆ ನಿಂತು ಕೈ ಬೀಸಿದರು. ರೊಟ್ಟಿಯವರು ಈ ಕಡೆ, ಮುದ್ದೆಯವರು ಆ ಕಡೆ! ಜನಕ್ಕೂ ಹೊತ್ತು ಹೋಗಬೇಕಿತ್ತು. ಗಂಟುಮೂಟೆ ಎತ್ತಿಕೊಂಡು ಅತ್ತಿತ್ತ ಸರಿದರು. ಆ ಗದ್ದಲದಲ್ಲಿ ಮುದುಕಿ ತನ್ನ ಕಿಟಕಿಗೆ ಬಂದು ಕೂತಳು.

ಗೌಡರು ತಿರುಗಿ ನೋಡಿದರೆ ಎಲ್ಲೂ ಜಾಗವಿಲ್ಲ. "ಸ್ವಲ್ಪ ಸರೀರಿ," ಎಂದರು ರೊಟ್ಟಿಯವರಿಗೆ.

"ನೀವು ಮನಿ ಕಟ್ಟಿಸಿದ್ದು ಬೆಂಗಳೂರಾಗ ಅಲ್ರೀ? ಆ ಕಡೆ ಹೋಗ್ರಿ."

ಮುದ್ದೆಯವರು ಇದ್ದ ಚೂರು ಜಾಗಕ್ಕೂ ಟವೆಲ್ ಹಾಸಿದರು. "ನಾವು ಬೇಡ ಅಂದೋರು ನೀವೇ ಅಲ್ವಾ ಸ್ವಾಮಿ?"

ಹಾವೇರಿ ಹೋಯಿತು, ದಾವಣಗೆರೆ ಹೋಯಿತು. ಅರಸೀಕೆರೆ ಬರುವಷ್ಟರಲ್ಲಿ ಗೌಡರ ಕಾಲು ಸೋತವು.

"ಅಣ್ಣಾರ, ನಾವೆಲ್ಲಾ ಒಂದ ತಾಯಿ ಮಕ್ಕಳು! ಕೂಡೇ ಕುಂದ್ರೂಣು!"

ಯಾರೋ ಸರಿಯಲು ಹೋದರು. ಮುದುಕಿ ತಡೆದಳು.

"ಗೌಡ್ರು ಕುಂತಾಗ ನಾಡು ಎರಡು, ನಿಂತಾಗ ಒಂದು. ಹಂಗ ನಿಂದ್ರಲಿ ಬಿಡ್ರೆಪಾ, ನಾಡು ಉಳೀತೈತಿ."